ಅಮ್ಮನ ಫೋನು ಯಾವ ಕ್ಲಾಸು?

2020ರ ಜುಲೈ. ಬೆಂಗಳೂರಿನ ರೂಮು ಖಾಲಿ ಮಾಡಿ ಚಾಮರಾಜಪುರಂನ ಮನೆ ಸೇರಿ ನಾಲ್ಕು ತಿಂಗಳಾಗಿತ್ತು. ದಿನಾ ಕೇಳುತ್ತಿದ್ದ ಚಾಮರಾಜನಗರದ ರೈಲಿನ ಸದ್ದೂ ಇಲ್ಲ. ಇದ್ದ ಗದ್ದಲವೆಲ್ಲ ನಮ್ಮ ರೌಟರಿನೊಳಗೇ.

ನನ್ನ ಆಫೀಸ್ ಮೀಟಿಂಗು ಸಂಜೆ ಏಳೂವರೆಗೆ. ಮುಖ್ಯವಾದ ಮಾತಾಡುವಾಗಲೇ ನನ್ನ ದನಿ ರೋಬೋ ಥರ ಆಗೋದು. ಡೌನ್‌ಲೋಡಿಗೆ ತೊಂದರೆ ಇರಲಿಲ್ಲ, ಅಪ್‌ಲೋಡು ಮಾತ್ರ ಬರೀ 5 ಎಂಬಿಪಿಎಸ್. ಯಾರಾದರೂ ಫೋಟೋ ಬ್ಯಾಕಪ್ ಹಾಕಿದರೆ ಮುಗಿಯಿತು, ಮಾತೆಲ್ಲ ಅದರ ಹಿಂದೆ ಕ್ಯೂನಲ್ಲಿ.

ಒಂದು ಭಾನುವಾರ ಕೂತು ಕ್ಯೂಒಎಸ್ ಆನ್ ಮಾಡಿದೆ. ಮೊದಲು ಅಪ್‌ಲೋಡ್ ಮಿತಿಯನ್ನು 4.5ಕ್ಕೆ ಇಳಿಸಿದೆ. ಸ್ವಲ್ಪ ಕಮ್ಮಿ ಕೊಟ್ಟರೇನೇ ಕ್ಯೂ ಮೋಡೆಮ್ಮಿನಲ್ಲಿ ಕಟ್ಟದೆ ನಮ್ಮ ರೌಟರಿನಲ್ಲೇ ನಿಲ್ಲುತ್ತದೆ. ನಮ್ಮ ಕೈಲಿರುವ ಕ್ಯೂನಲ್ಲಿ ಮಾತ್ರ ಯಾರು ಮುಂದೆ ಅಂತ ನಾವು ಹೇಳಬಹುದು. ಆಮೇಲೆ ರೂಲುಗಳು. ರೌಟರು ಅವನ್ನು ಮೇಲಿಂದ ಓದುತ್ತಾ ಬರುತ್ತದೆ, ಮೊದಲು ಹೊಂದಿದ್ದಕ್ಕೆ ನಿಲ್ಲುತ್ತದೆ. ನಾನು ಸೋಮಾರಿತನಕ್ಕೆ ಡಿವೈಸ್ ಲೆಕ್ಕದಲ್ಲಿ ಬರೆದೆ: ನನ್ನ ಲ್ಯಾಪ್‌ಟಾಪ್ 'ಹೈಯೆಸ್ಟ್', ಅಪ್ಪನ ಟಿವಿ 'ಲೋ', ಅಮ್ಮನ ಫೋನು 'ಲೋಯೆಸ್ಟ್'. ಅಮ್ಮನದ್ದೇನು, ಗುಡ್ ಮಾರ್ನಿಂಗ್ ಮೆಸೇಜು ತಾನೆ?

ಮೀಟಿಂಗು ಗಾಜಿನ ಹಾಗಾಯಿತು. ನಾನು ಖುಷಿ.

ಹತ್ತು ದಿನ ಕಳೆದ ಮೇಲೆ ಕಾಫಿ ಕೊಡುತ್ತಾ ಅಮ್ಮ ಅಂದಳು, "ಅಕ್ಕನ ಊರಲ್ಲಿ ದಿನಾ ಮಳೆ ಇರಬೇಕು ಕಣೋ. ಮುಖಾನೇ ಕಾಣಲ್ಲ, ಮಾತು ಕಟ್ ಕಟ್ ಆಗತ್ತೆ. ಪಾಪ, ಅವಳೂ ಬೇಗ ಇಟ್ಟುಬಿಡ್ತಾಳೆ."

ಅಕ್ಕ ನ್ಯೂಜೆರ್ಸಿಯಲ್ಲಿ, ಏಳು ತಿಂಗಳ ಬಸುರಿ. ಬಾಣಂತನಕ್ಕೆ ಅಂತ ಅಮ್ಮ ತೆಗೆದಿಟ್ಟಿದ್ದ ಸೂಟ್‌ಕೇಸು ಮಾರ್ಚಿನಲ್ಲಿ ವಿಮಾನಗಳು ನಿಂತಾಗಿನಿಂದ ಮಂಚದ ಕೆಳಗಿತ್ತು. ನಮ್ಮ ಸಂಜೆ ಏಳೂವರೆ ಅವಳಿಗೆ ಬೆಳಗ್ಗೆ ಹತ್ತು. ಅವರಿಬ್ಬರಿಗೂ ಇದ್ದದ್ದು ಅದೊಂದೇ ಹೊತ್ತು. ಮಳೆ ಅಲ್ಲಿರಲಿಲ್ಲ, ನಮ್ಮ ಹಾಲಿನ ಶೆಲ್ಫ್ ಮೇಲಿತ್ತು.

ಆ ರಾತ್ರಿ ಎಲ್ಲ ರೂಲು ಅಳಿಸಿ ಮತ್ತೆ ಬರೆದೆ, ಈ ಸಲ ಯಾರದು ಅಂತಲ್ಲ, ಏನು ಅಂತ. ಕನೆಕ್ಷನ್ ಪಟ್ಟಿ ತೆಗೆದು ನೋಡಿದರೆ ಅಮ್ಮನ ವಿಡಿಯೋ ಕಾಲು ಹೆಚ್ಚಾಗಿ ಯುಡಿಪಿ 3478 ಪೋರ್ಟಿನಲ್ಲಿ ಹೋಗುತ್ತಿತ್ತು. ಅದನ್ನೂ ನನ್ನ ಮೀಟಿಂಗಿನ ಪೋರ್ಟುಗಳನ್ನೂ ಒಂದೇ ಮೇಲಿನ ಕ್ಲಾಸಿಗೆ ಹಾಕಿದೆ. ಡಿಎಸ್‌ಸಿಪಿ 46 ಅಂತ ಗುರುತು ಹೊತ್ತು ಬರುವ ಪ್ಯಾಕೆಟ್ಟುಗಳಿಗೂ ಅಲ್ಲೇ ಜಾಗ. ಧ್ವನಿಗೆ ಸಾಮಾನ್ಯವಾಗಿ ಹಚ್ಚುವ ಗುರುತದು. ಅದರ ಕೆಳಗೆ, ಒಂದೇ ಕನೆಕ್ಷನ್ನಿನಲ್ಲಿ 10 ಎಂಬಿ ದಾಟಿದ ಅಪ್‌ಲೋಡೆಲ್ಲ ತಳಕ್ಕೆ. ಅಲ್ಲಿಗೆ ಮೊದಲು ಬಿದ್ದದ್ದು ನನ್ನದೇ ಬ್ಯಾಕಪ್ಪು! ಬಲ್ಲಾಳ್ ಸರ್ಕಲ್‌ನಲ್ಲಿ ಆಂಬುಲೆನ್ಸಿಗೆ ದಾರಿ ಬಿಡುವವರು ಒಳಗೆ ಯಾರಿದ್ದಾರೆ ಅಂತ ಕೇಳುತ್ತಾರೆಯೇ?

ಮಾರನೇ ಸಂಜೆ ನಾನು ರೂಮಿನಲ್ಲಿ ಮೀಟಿಂಗಿನಲ್ಲಿದ್ದೆ. ಅಡುಗೆಮನೆಯಿಂದ ಅಮ್ಮನ ನಗು ಮುಕ್ಕಾಲು ಗಂಟೆ ಕೇಳುತ್ತಲೇ ಇತ್ತು.

ಊಟಕ್ಕೆ ಕೂತಾಗ ಅಂದಳು, "ಇವತ್ತು ಅಲ್ಲಿ ಮಳೆ ನಿಂತಂಗಿತ್ತು ಕಣೋ."

"ಹೂಂ," ಅಂದೆ. ಇವತ್ತಿಗೂ ಅಷ್ಟೇ ಹೇಳಿರೋದು.