ಹನ್ನೊಂದು ಜನರ ಸೈನ್ಯ

ಕಳೆದ ವರ್ಷದ ದೀಪಾವಳಿಗೆ ನನ್ನ ಸೈನ್ಯದಲ್ಲಿ ಹನ್ನೊಂದು ಜನ ಸಿಪಾಯಿಗಳಿದ್ದರು. ಹನ್ನೊಂದು ಜನರಿಗೂ ಮೀಸೆಯಿದ್ದಿತು. ಒಬ್ಬನ ಮೀಸೆಯಂತೆ ಇನ್ನೊಬ್ಬನದಿರಲಿಲ್ಲ. ರುಮಾಲಿನ ಒಂದೊಂದು ಸುತ್ತಿಗೂ ನೆರಳು, ನಡುಪಟ್ಟಿಗೆ ಅಂಚು, ಕಣ್ಣಿನ ಬಿಳುಪಿನಲ್ಲಿ ಕರಿಯ ಚುಕ್ಕೆ. ಇಷ್ಟೆಲ್ಲವೂ ಹೆಬ್ಬೆರಳಿನಷ್ಟು ಎತ್ತರದ ಮಣ್ಣಿನ ಗೊಂಬೆಗಳ ಮೇಲೆ! ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವ ಮನುಷ್ಯನಿಗೆ ಇದೇನು ಹುಚ್ಚು ಎಂದು ಓದುಗರು ನಗಬಹುದು. ನಗಲಿ. ನನ್ನ ಹೆಂಡತಿ ಆಗಲೇ ನಕ್ಕು ಮುಗಿಸಿದ್ದಾಳೆ.

ಈ ಹುಚ್ಚಿನ ಮೂಲ ಆಕೆಯ ತವರೇ. ಬೆಳಗಾವಿಯಲ್ಲಿ ದೀಪಾವಳಿ ಬಂತೆಂದರೆ ಮಕ್ಕಳು ಕಲ್ಲು, ಇಟ್ಟಿಗೆ, ಗೋಣಿತಟ್ಟು, ಮಣ್ಣು ಕೂಡಿಸಿ ಕಿಲ್ಲಾ ಕಟ್ಟುತ್ತಾರೆ. ಇಳಿಜಾರಿನಲ್ಲಿ ಕಾಳು ಚೆಲ್ಲಿ ಹಸುರು ಬೆಳೆಸುತ್ತಾರೆ. ತುದಿಯಲ್ಲಿ ಶಿವಾಜಿ ಮಹಾರಾಜರನ್ನು ಕೂಡಿಸಿ ಸುತ್ತಲೂ ಸಿಪಾಯಿಗಳನ್ನು ನಿಲ್ಲಿಸುತ್ತಾರೆ. ಆಕೆ ಬನಹಟ್ಟಿಯ ನಮ್ಮ ಮನೆಗೆ ಬರುವಾಗ ಈ ಪದ್ಧತಿಯನ್ನೂ ಜೊತೆಗೆ ತಂದಳು. ಮಗನಿಗೆ ಐದು ತುಂಬಿದ ವರ್ಷದಿಂದ ನಮ್ಮ ಅಂಗಳದ ತುಳಸಿಕಟ್ಟೆಯ ಪಕ್ಕದಲ್ಲಿ ವರ್ಷಕ್ಕೊಂದು ಕಿಲ್ಲಾ ಏಳುತ್ತದೆ. ನಮ್ಮ ಕಡೆಯ ಎರೆಮಣ್ಣು ಗೊಂಬೆಗೆ ಆಗದು. ಒಣಗುತ್ತಲೇ ಕುಗ್ಗಿ ಬಿರಿಯುತ್ತದೆ. ಆದುದರಿಂದ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿಕೊಡುವ ಕುಂಬಾರರ ಮನೆಯಿಂದಲೇ ಹದವಾದ ಮಣ್ಣು ತರುವುದು ನನ್ನ ವಾಡಿಕೆ.

ಸಿಪಾಯಿಗೊಂದು ಸಂಜೆಯಂತೆ ಹನ್ನೊಂದು ಸಂಜೆ. ಜಮಖಂಡಿಯಿಂದ ಬಸ್ಸಿನಲ್ಲಿ ಬಂದವನು ಚಹ ಕುಡಿದು ಕುಂಚ ಹಿಡಿದರೆ ಊಟಕ್ಕೆ ಮೂರು ಸಲ ಕರೆಯಬೇಕು. ಮಗ ಪ್ರತಿದಿನವೂ ಪಕ್ಕದಲ್ಲಿ ಬಂದು ಕುಳಿತು, “ಅಪ್ಪಾ, ಆಡೂದು ಯಾವಾಗ?” ಎಂದು ಕೇಳುತ್ತಿದ್ದನು. “ಮುಗೀಲಿ ತಡೀ” ಎನ್ನುತ್ತಿದ್ದೆನು. ನರಕ ಚತುರ್ದಶಿಯ ಹಿಂದಿನ ರಾತ್ರಿ ಹನ್ನೊಂದನೆಯವನ ಕಣ್ಣು ಬರೆದು ಮುಗಿಯಿತು. ಮರುದಿನ ಅವರನ್ನೆಲ್ಲ ಕಿಲ್ಲಾದ ಮೇಲೆ ನಿಲ್ಲಿಸಿ ಮಗನಿಗೆ ನಾನು ಹೇಳಿದ ಮೊದಲ ಮಾತೆಂದರೆ, “ಕೈ ಹಚ್ಚಬ್ಯಾಡ.”

ಅವನು ಕೈ ಹಚ್ಚಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿ ಹೊರಗೆ ಹೋದನು. ಮಧ್ಯಾಹ್ನ ಹುಡುಕಿಕೊಂಡು ಹೋದರೆ ಪಕ್ಕದ ಮಗ್ಗದ ಮನೆಯ ಪಡಸಾಲೆಯಲ್ಲಿ ಘನಘೋರ ಯುದ್ಧ! ನೂಲು ತೀರಿದ ಖಾಲಿ ಕಂಡಿಕೆಗಳನ್ನು ಕಡೆಗೆ ಮೂವತ್ತರಂತೆ ಎದುರುಬದುರು ನಿಲ್ಲಿಸಿ, ಓಣಿಯ ಹುಡುಗರು ಗೋಲಿ ಉರುಳಿಸಿ ಕೆಡವುತ್ತಿದ್ದರು. ನನ್ನ ಮಗನೇ ಒಂದು ಪಕ್ಷದ ಸೇನಾಪತಿ. ಆ ಕಂಡಿಕೆಗಳಿಗೆ ಮೀಸೆಯಂತಿರಲಿ, ಮುಖವೇ ಇರಲಿಲ್ಲ. ನಾನು ಮಾತನಾಡದೆ ಹಿಂದಿರುಗಿದೆನು.

ಗೊಂಬೆಯ ಯುದ್ಧ ಬರಿಯ ಹುಡುಗರ ಸೊತ್ತಲ್ಲ. ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನೇ ಬರೆದನು. ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಸಿಪಾಯಿಗಳನ್ನು ಉರುಳಿಸುವ ಆಟ. ಒಂದೊಂದು ನಡೆಗೂ ಇಂತಿಷ್ಟೇ ನಿಮಿಷವೆಂಬ ಕಟ್ಟು. ಅವನಿಗೆ ನನ್ನ ತೊಡಕಿರಲಿಲ್ಲ, ಏಕೆಂದರೆ ಆ ಸಿಪಾಯಿಗಳು ಅಂಗಡಿಯಿಂದ ಬಣ್ಣ ಹಚ್ಚಿಸಿಕೊಂಡೇ ಬರುತ್ತಿದ್ದರು. ಇಂದು ಅದೇ ಬಗೆಯ ಆಟಕ್ಕೆ 28 ಮಿಲಿಮೀಟರ್ ಎತ್ತರದ ಸಿಪಾಯಿಗಳನ್ನು ಬಣ್ಣವಿಲ್ಲದೆ ಕೊಂಡು ತಂದು, ಹಚ್ಚುವ ಹೊತ್ತು ಸಿಗದೆ, ಪೆಟ್ಟಿಗೆಗಟ್ಟಲೆ ಬೂದುಬಣ್ಣದಲ್ಲಿಯೇ ಇಟ್ಟುಕೊಂಡು ನಿಟ್ಟುಸಿರುಬಿಡುವ ದೊಡ್ಡ ಗಂಡಸರು ಆ ದೇಶಗಳಲ್ಲಿದ್ದಾರೆ. ಎಷ್ಟೋ ಪಂದ್ಯಗಳಲ್ಲಿ ಸಿಪಾಯಿಯ ಮೈಮೇಲೆ ಕಡಮೆಯೆಂದರೆ ಮೂರು ಬಣ್ಣವಿರಬೇಕೆಂದು ನಿಯಮವಂತೆ. ಓದಿ ನನಗೆ ಸಮಾಧಾನವಾಯಿತು. ನನ್ನ ರೋಗ ನನ್ನೊಬ್ಬನದಲ್ಲ.

ಆದರೆ ಇಂಗ್ಲೆಂಡಿನವರೆಗೆ ಹೋಗಬೇಕಾಗಿರಲಿಲ್ಲ. ರನ್ನನ ಮುಧೋಳ ನಮಗೆ ನೆರೆಯೂರು. ಅವನ ಗದಾಯುದ್ಧವನ್ನು ವರ್ಷ ವರ್ಷವೂ ಪಾಠ ಹೇಳುವವನು ನಾನು. ಆ ಯುದ್ಧ ಮುಗಿದ ಮೇಲೆ, ವ್ಯಾಸಭಾರತದ ಸ್ತ್ರೀಪರ್ವದಲ್ಲಿ, ಧೃತರಾಷ್ಟ್ರನು ಅಪ್ಪಿ ಪುಡಿಮಾಡುವ ಉಕ್ಕಿನ ಭೀಮನಿದ್ದಾನಷ್ಟೆ? ಅದು ದುರ್ಯೋಧನನೇ ಮಾಡಿಸಿಟ್ಟಿದ್ದ ಗೊಂಬೆ. ಗದೆಯ ಅಭ್ಯಾಸಕ್ಕೆಂದು ಮಾಡಿಸಿದ್ದನೆಂಬ ಮಾತುಂಟು. ಪೆಟ್ಟು ತಿನ್ನಲೆಂದೇ ಹುಟ್ಟಿದವನು. ಅವನಿಗೆ ಮೀಸೆಯಿದ್ದಿತೋ ಇಲ್ಲವೋ ಎಂದು ಯಾರೂ ವಿಚಾರಿಸಿದಂತಿಲ್ಲ. (ತಿದ್ದಿದ್ದನ್ನೇ ತಿದ್ದುತ್ತ ಹತ್ತು ವರ್ಷದಿಂದ ಪಿಎಚ್.ಡಿ. ಪ್ರಬಂಧವನ್ನು ಒಪ್ಪಿಸದೆ ಕುಳಿತವರೂ ನಮ್ಮಲ್ಲಿದ್ದಾರೆ. ಅವರಲ್ಲಿ ಒಬ್ಬನು ಈ ಲೇಖನ ಬರೆಯುತ್ತಿದ್ದಾನೆ.)

ಈ ವರ್ಷ ಲೆಕ್ಕ ಬೇರೆಯಾಯಿತು. ಮಗನಿಗೆ ಈಗ ಹತ್ತು. ಬರುವ ಜೂನಿನಲ್ಲಿ ಆರನೆಯ ತರಗತಿಗೆಂದು ವಿಜಯಪುರದ ವಸತಿಶಾಲೆಗೆ ಹೋಗಲಿದ್ದಾನೆ. ದೀಪಾವಳಿಯ ಸೂಟಿಗೆ ಮನೆಗೆ ಬರುತ್ತಾನೆ, ನಿಜ. ಆದರೆ ಬರುವ ಹುಡುಗ ಕಿಲ್ಲಾ ಕೇಳುವನೇ? ನನ್ನ ಹೆಂಡತಿ ಒಂದು ರಾತ್ರಿ ವಸತಿಶಾಲೆಗೆ ಒಯ್ಯಬೇಕಾದ ಸಾಮಾನಿನ ಯಾದಿ ಓದುತ್ತ ಕುಳಿತಿದ್ದಳು. ತಲೆಯೆತ್ತದೆಯೇ, “ಈ ಸಲ ಬಣ್ಣ ಸ್ವಲ್ಪ ಕಡಿಮಿ ಹಚ್ರಿ” ಎಂದಳು.

ಕಡಮೆ ಹಚ್ಚುವುದೂ ಒಂದು ವಿದ್ಯೆಯೆಂದು ತೋರಿಸಿಕೊಟ್ಟವರು ಪಕ್ಕದ ಮನೆಯ ನೇಕಾರ ಅಜ್ಜ. ಕಟ್ಟೆಯ ಮೇಲೆ ಕುಳಿತು ನನ್ನ ಮೊದಲನೆಯ ಸಿಪಾಯಿಯನ್ನು ನೋಡಿದರು, ನನ್ನನ್ನು ನೋಡಿದರು. “ಸರ, ಒಂದೊಂದು ಎಳಿ ಬ್ಯಾರೆ ಬ್ಯಾರೆ ಬಣ್ಣಕ್ಕ ಅದ್ದಿಕೋತ ಕುಂತ್ರ ಸೀರಿ ಆಗೂದು ಯಾವಾಗ್ರಿ? ಲಡಿ ಎಲ್ಲಾ ಒಮ್ಮೆಲೆ ಅದ್ದಬೇಕು. ಮಂದಿ ಕಣ್ಣು ಸೆರಗಿನ ಮ್ಯಾಲೆ. ಒಡಲು ನೆಟ್ಟಗಿದ್ರ ಸಾಕು.”

ಇಳಕಲ್ಲ ಸೀರೆಯನ್ನು ಬಲ್ಲ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದರ ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ರೇಷ್ಮೆಯ ಬೆಡಗೆಲ್ಲ ಸೆರಗಿಗೆ. ಅದರಂತೆ ಒಂದು ಹಲಗೆಯ ಮೇಲೆ ನಾಲ್ವತ್ತು ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿದೆನು. ಮೊದಲ ಸಂಜೆ, ಗೋಡೆಗೆ ಹಚ್ಚಿ ಉಳಿದಿದ್ದ ಬಿಳಿ ಬಣ್ಣ ಎಲ್ಲರಿಗೂ. ಎರಡನೆಯ ಸಂಜೆ ನಾಲ್ವತ್ತು ಕೆಂಪು ರುಮಾಲು. ಮೂರನೆಯ ಸಂಜೆ ಮುಖ, ಕೈ, ನಡುಪಟ್ಟಿ. ನಾಲ್ಕನೆಯ ಸಂಜೆ, ಬಣ್ಣವೆಲ್ಲ ಒಣಗಿದ ಮೇಲೆ, ಕರಿಯ ಬಣ್ಣವನ್ನು ನೀರುನೀರಾಗಿ ಕಲಸಿ ಮೈಮೇಲೆಲ್ಲ ಬಳಿದು ಒರೆಸಿದೆನು. ಅದು ತಾನಾಗಿಯೇ ರುಮಾಲಿನ ಮಡಿಕೆಗೆ, ಕಣ್ಣಿನ ಕುಳಿಗೆ ಇಳಿದು ನಿಂತಿತು. ಕಳೆದ ವರ್ಷ ಒಂದೊಂದು ನೆರಳಿಗೂ ಉಸಿರು ಬಿಗಿಹಿಡಿದು ಬರೆದವನು ನಾನೇ! ಕಿಲ್ಲೇದಾರ ಮತ್ತು ಆನೆ, ಇವರಿಬ್ಬರು ಮಾತ್ರ ಸೆರಗು. ಇವರಿಗೆ ಎರಡು ಸಂಜೆ ಕೊಟ್ಟೆನು. ಇಡೀ ಸೈನ್ಯದಲ್ಲಿ ಮೀಸೆ ಕಿಲ್ಲೇದಾರನೊಬ್ಬನಿಗೇ.

ಹಾಗೆಂದು ಬಣ್ಣವೇ ಬೇಡ, ಕಂಡಿಕೆಯೇ ಸಾಕೆಂದು ನಾನು ಒಪ್ಪಲಾರೆ. ಕಣ್ಣು ಮೂಗು ಕಾಣುತ್ತಲೇ ಮಗನು ನಾಲ್ವತ್ತು ಜನರಲ್ಲಿ ಅರ್ಧದಷ್ಟು ಜನರಿಗೆ ಹೆಸರಿಟ್ಟನು. ನಮ್ಮ ಓಣಿಯವರ ಹೆಸರುಗಳೇ. ಹಾಲಿನವನು ಬಿದ್ದಾಗ ಎದ್ದ ಕೂಗು, ಕಳೆದ ವರ್ಷ ಮೂವತ್ತು ಕಂಡಿಕೆ ಬಿದ್ದಾಗಲೂ ಎದ್ದಿರಲಿಲ್ಲ. ಕಂಡಿಕೆಗಳು ಈ ಸಲ ಶತ್ರುಸೈನ್ಯವಾದುವು.

ಐದು ಸಂಜೆ ಆಡಿದೆವು. ಎರಡನೆಯ ಸಂಜೆಯೇ ಗೋಲಿಯೊಂದು ಪುಟಿದು ಬಂದು ಕಿಲ್ಲೇದಾರನ ಮುಖಕ್ಕೆ ತಗುಲಿತು. ಎಡಗಡೆಯ ಮೀಸೆ ಮಣ್ಣುಸಹಿತ ಹಾರಿಹೋಯಿತು. ನನಗೆ ತಡೆಯಲಾಗಲಿಲ್ಲ, ಕುಂಚ ತರಲೆಂದು ಎದ್ದೆನು.

“ಎಲ್ಲಿ ಹೊಂಟಿ ಅಪ್ಪಾ? ನಿನ್ನ ಪಾಳಿ ಐತಿ.”

ಕುಳಿತುಕೊಂಡು ಗೋಲಿ ಉರುಳಿಸಿದೆನು. ಅದು ಒಂದು ಕಂಡಿಕೆಯನ್ನೂ ಮುಟ್ಟದೆ ತುಳಸಿಕಟ್ಟೆಯ ಹಿಂದೆ ಹೋಯಿತು. ಹುಡುಗರೆಲ್ಲರೂ ಹೋ ಎಂದು ನಕ್ಕರು.