ಮೊದಲು ಹಲಗೆ ತನ್ನಿ

ನಮ್ಮೂರು ದಬ್ಬೇಘಟ್ಟದಲ್ಲಿ ಸಮುದ್ರದ ವಿಚಾರ ಮಾತಾಡೋರು ಕಮ್ಮಿ. ಕೆರೆಗೆ ನೀರು ಬಂತಾ, ಬೋರು ಎಷ್ಟು ಇಂಚು ಎತ್ತುತ್ತೆ, ತಿಪಟೂರಲ್ಲಿ ಕೊಬ್ಬರಿ ರೇಟು ಏನಾಯ್ತು, ಇಷ್ಟರಲ್ಲೇ ಮಾತು ಮುಗಿಯುತ್ತೆ. ಅಂಥ ಊರಿಂದ ಬಂದ ನನಗೆ ಹಾಯಿದೋಣಿಗಳ ಹುಚ್ಚು ಯಾಕೆ ಹತ್ತಿತು ಅಂತ ನನ್ನ ಹೆಂಡತಿ ಇವತ್ತಿಗೂ ಕೇಳ್ತಾಳೆ. ನಾನು ದೋಣಿ ಓಡಿಸುವವನಲ್ಲ. ಪ್ರಪಂಚ ಸುತ್ತೋಕೆ ಒಬ್ಬೊಬ್ಬರೇ ಹೊರಡ್ತಾರಲ್ಲ, ಅವರ ದೋಣಿ ಇವತ್ತು ಎಲ್ಲಿದೆ ಅಂತ ಮ್ಯಾಪಲ್ಲಿ ನೋಡ್ತಾ ಕೂರೋನು. ಆಫೀಸಿನ ಕಂಪ್ಯೂಟರಲ್ಲಿ ಹತ್ತು ಟ್ಯಾಬ್ ತೆರೆದಿದ್ದರೆ ಒಂದು ಅದೇ.

ಇದನ್ನ ಹೇಳಿದಾಗ ಎಲ್ಲರೂ ಕೇಳೋದು ಬಿರುಗಾಳಿ ಬಗ್ಗೆ, ಇಲ್ಲಾ ಶಾರ್ಕ್ ಬಗ್ಗೆ. ನನ್ನ ತಲೆಯಲ್ಲಿ ಇದ್ದದ್ದು ಬೇರೆ ಪ್ರಶ್ನೆ. ಅಲ್ಲಿ ಹುಷಾರು ತಪ್ಪಿದರೆ ಏನು ಮಾಡ್ತಾರೆ? ನಮಗೆ ಜ್ವರ ಬಂದರೆ ಆ್ಯಪ್ ಒತ್ತಿದ ಹತ್ತು ನಿಮಿಷಕ್ಕೆ ಮಾತ್ರೆ ಬಾಗಿಲಿಗೆ ಬರುತ್ತೆ. ಮೂವತ್ತು ಅಡಿ ದೋಣಿಯಲ್ಲಿ, ನಾಲ್ಕೂ ಕಡೆ ನೀರೇ ಇರುವಾಗ?

ಮೊದಲನೇ ಕಾಯಿಲೆ ನಮಗೆಲ್ಲ ಗೊತ್ತಿರೋದೇ. ಧರ್ಮಸ್ಥಳಕ್ಕೆ ಹೊರಟ ಬಸ್ಸು ಶಿರಾಡಿ ಘಾಟಿ ಇಳಿಯುವಾಗ ಕಿಟಕಿ ಪಕ್ಕದ ಸೀಟಿಗೆ ಯಾಕೆ ಜಗಳ ಆಗುತ್ತೆ ಅಂತ ನೆನಪಿಸಿಕೊಳ್ಳಿ. ಒಳಕಿವಿ 'ಅಲ್ಲಾಡ್ತಿದೀವಿ' ಅನ್ನುತ್ತೆ, ಮುಂದಿನ ಸೀಟು ನೋಡ್ತಿರೋ ಕಣ್ಣು 'ಇಲ್ಲ, ಸುಮ್ಮನೆ ಕೂತಿದೀವಿ' ಅನ್ನುತ್ತೆ. ಎರಡು ಸೆನ್ಸರ್‌ಗಳ ಡೇಟಾ ತಾಳೆಯಾಗದೆ ಮಿದುಳು ಗಲಿಬಿಲಿಯಾಗಿ ವಾಂತಿ ಮಾಡಿಸುತ್ತೆ. ದೋಣಿಯಲ್ಲೂ ಅದೇ, ಆದರೆ ಘಾಟಿ ಮುಗಿಯೋದೇ ಇಲ್ಲ. ಇಂಗ್ಲಿಷಿನ 'ನಾಸಿಯಾ' ಪದ ಹುಟ್ಟಿದ್ದೇ ಗ್ರೀಕರ ಹಡಗಿನ ಪದದಿಂದ. ಟ್ರಫಾಲ್ಗರ್ ಗೆದ್ದ ನೆಲ್ಸನ್‌ಗೂ ಸಮುದ್ರ ಆಗಿಬರ್ತಿರಲಿಲ್ಲ. ಬೀಗಲ್ ಹಡಗಲ್ಲಿ ಹೆಚ್ಚುಕಮ್ಮಿ ಐದು ವರ್ಷ ತಿರುಗಿದ ಡಾರ್ವಿನ್‌ಗೆ ಕೊನೆವರೆಗೂ ವಾಂತಿ ತಪ್ಪಲಿಲ್ಲ.

ಅನುಭವಸ್ಥರು ಮಾಡೋದು ಸರಳ. ಒಳಗೆ ಕೂರದೆ ಮೇಲೆ ಬಂದು ದೂರದ ದಿಗಂತ ನೋಡೋದು, ಆಗಲಿಲ್ಲ ಅಂದ್ರೆ ಕಣ್ಮುಚ್ಚಿ ಮಲಗೋದು. ಅವೊಮಿನ್ ಥರದ ಮಾತ್ರೆಯನ್ನ ವಾಂತಿ ಶುರುವಾದ ಮೇಲಲ್ಲ, ಹೊರಡೋದಕ್ಕೆ ಮುಂಚೆಯೇ ತಗೊಳ್ಳೋದು. ಒಬ್ಬರೇ ಇದ್ದರೆ ಅದರಲ್ಲೂ ಯೋಚನೆ, ಯಾಕಂದ್ರೆ ಮಾತ್ರೆ ನಿದ್ದೆ ತರಿಸುತ್ತೆ, ದೋಣಿ ನೋಡೋಕೆ ಬೇರೆ ಯಾರೂ ಇಲ್ಲ. ಎಲ್ಲಕ್ಕಿಂತ ಮುಖ್ಯ, ಗುಟುಕು ಗುಟುಕಾಗಿ ನೀರು ಒಳಗೆ ಹೋಗ್ತಿರಬೇಕು. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನಮ್ಮ ಸೀಮೆಯೋನಾಗಿ ಎಳನೀರು ಸಾಕು ಅನ್ನಬೇಕು ಅನ್ನಿಸುತ್ತೆ. ಆದ್ರೆ ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ವಾಂತಿಯಲ್ಲಿ ಹೋದ ಉಪ್ಪನ್ನ ಅದೊಂದೇ ತುಂಬಿಕೊಡಲ್ಲ.

ಎರಡನೇ ಕಾಯಿಲೆಯ ಕತೆ ನಮ್ಮ ಕಾರವಾರದ ಪಕ್ಕದಲ್ಲೇ ನಡೆದದ್ದು. ಅಲ್ಲಿಂದ ಸ್ವಲ್ಪ ದೂರಕ್ಕೆ ಅಂಜುದೀವ್ ಅಂತ ಪುಟ್ಟ ದ್ವೀಪ ಇದೆ. 1498ರಲ್ಲಿ ವಾಸ್ಕೊ ಡ ಗಾಮ ಊರಿಗೆ ವಾಪಸ್ ಹೊರಡೋ ಮುಂಚೆ ಅಲ್ಲಿ ತಂಗಿದ್ದ. ಆಫ್ರಿಕಾದಿಂದ ಕಲ್ಲಿಕೋಟೆಗೆ ಬರುವಾಗ ಮುಂಗಾರಿನ ಗಾಳಿ ಬೆನ್ನಿಗಿತ್ತು, ಮೂರು ವಾರ ಚಿಲ್ಲರೆಯಲ್ಲಿ ದಾಟಿದ್ದ. ಅಕ್ಟೋಬರ್ ಮೊದಲ ವಾರ ಅಂಜುದೀವ್ ಬಿಟ್ಟಾಗ ಗಾಳಿ ಕೈಕೊಟ್ಟಿತು. ಅದೇ ದಾರಿಗೆ ಹತ್ತಿರ ಹತ್ತಿರ ಮೂರು ತಿಂಗಳು ಹಿಡೀತು. ತಾಜಾ ಹಣ್ಣು ತರಕಾರಿ ಇಲ್ಲದೆ ವಸಡು ಊದಿ, ಕಾಲು ಬಾತು, ಸುಮಾರು ಮೂವತ್ತು ಜನ ಸತ್ತರು. ಉಳಿದವರು ಮೂರು ಹಡಗು ನಡೆಸೋಕೆ ಸಾಲದೆ ಒಂದು ಹಡಗಿಗೆ ಬೆಂಕಿ ಇಟ್ಟು ಬಿಟ್ಟುಹೋಗಬೇಕಾಯ್ತು. ನಿಂಬೆ, ಕಿತ್ತಳೆ ಕೊಟ್ಟರೆ ಈ ಸ್ಕರ್ವಿ ವಾಸಿಯಾಗುತ್ತೆ ಅಂತ ಜೇಮ್ಸ್ ಲಿಂಡ್ ಎಂಬ ಡಾಕ್ಟರು ಹನ್ನೆರಡು ನಾವಿಕರ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು 1747ರಲ್ಲಿ. ನಮ್ಮ ಅಜ್ಜಿಯರ ಉಪ್ಪಿನಕಾಯಿ ಜಾಡಿ ಮೇಲೆ ನನಗಿರೋ ಗೌರವ ಇದನ್ನ ಓದಿದ ಮೇಲೆ ಜಾಸ್ತಿ ಆಯ್ತು.

ಮೂರನೇದು ನಮ್ಮ ಕಾಲದ್ದು. 1998ರಲ್ಲಿ ವಿಕ್ಟರ್ ಯಾಜಿಕೋವ್ ಅನ್ನೋ ರಷ್ಯನ್ ನಾವಿಕ ಒಬ್ಬನೇ ಪ್ರಪಂಚ ಸುತ್ತೋ ಪಂದ್ಯದಲ್ಲಿ ಅಟ್ಲಾಂಟಿಕ್ ಮಧ್ಯೆ ಇದ್ದ. ಮೊಣಕೈಯಲ್ಲಿ ಕೀವು ತುಂಬಿಕೊಂಡಿತು. ಬಾಸ್ಟನ್‌ನಲ್ಲಿದ್ದ ಡಾಕ್ಟರ್ ಡೇನಿಯಲ್ ಕಾರ್ಲಿನ್‌ಗೆ ಇಮೇಲ್ ಹಾಕಿದ. ಅವರು ಒಂದು, ಎರಡು, ಮೂರು ಅಂತ ಹೆಜ್ಜೆ ಬರೆದು ಕಳಿಸಿದರು. ಅದನ್ನ ಓದಿಕೊಂಡು ತನ್ನ ಮೊಣಕೈಯನ್ನ ತಾನೇ ಕೊಯ್ದು ಕೀವು ತೆಗೆದ. ನಾವು ದಿನಾ ಎಷ್ಟೊಂದು ಡಾಕ್ಯುಮೆಂಟ್ ಬರೀತೀವಿ, ಅದನ್ನ ಯಾರಾದರೂ ರಾತ್ರಿ ಮೂರು ಗಂಟೆಗೆ, ನೋವಲ್ಲಿ, ಒಂದೇ ಕೈಯಲ್ಲಿ ಪಾಲಿಸಬೇಕಾದರೆ ಹೇಗೆ ಬರೀಬೇಕು ಅಂತ ಯೋಚಿಸಿದ್ದೀವಾ?

ಇನ್ನು ನಾನು ನಿಜವಾಗಿ ಹೇಳಬೇಕು ಅಂತಿರೋದು.

2018ರ ಜುಲೈ 1ರಂದು ಫ್ರಾನ್ಸಿನಿಂದ ಗೋಲ್ಡನ್ ಗ್ಲೋಬ್ ರೇಸ್ ಹೊರಟಿತು. ನಿಯಮ ವಿಚಿತ್ರ: 1968ರಲ್ಲಿ ಇದ್ದ ಉಪಕರಣಗಳಷ್ಟೇ, ಜಿಪಿಎಸ್ ನೋಡುವಂತಿಲ್ಲ, ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ ಬರಬೇಕು. ನಮ್ಮ ನೌಕಾಪಡೆಯ ಕಮಾಂಡರ್ ಅಭಿಲಾಷ್ ಟಾಮಿ ಅದರಲ್ಲಿದ್ದರು. 2012-13ರಲ್ಲೇ ಒಬ್ಬರೇ, ಎಲ್ಲೂ ನಿಲ್ಲದೆ ಪ್ರಪಂಚ ಸುತ್ತಿದ ಮೊದಲ ಭಾರತೀಯ ಅವರು. ಈ ಸಲದ ದೋಣಿ 'ತುರಿಯಾ', 32 ಅಡಿ, ಗೋವಾದಲ್ಲಿ ಕಟ್ಟಿದ್ದು. ಸೆಪ್ಟೆಂಬರ್ ಹೊತ್ತಿಗೆ ಮೂರನೇ ಸ್ಥಾನದಲ್ಲಿದ್ದರು.

ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ಸಿಕ್ಕಿತು. ದೋಣಿ ಮಗುಚಿ ಎದ್ದಿತು, ಕೂವೆಮರ ಮುರೀತು, ಇವರು ಮೇಲಿಂದ ಅಡ್ಡಕಂಬದ ಮೇಲೆ ಬೆನ್ನಡಿಯಾಗಿ ಬಿದ್ದರು. ಹೇಗೋ ತೆವಳಿ ಒಳಗಿನ ಮಂಚಕ್ಕೆ ಸೇರಿಕೊಂಡರು. ದೋಣಿ ಉರುಳಿದೆ, ಬೆನ್ನಿಗೆ ಭಾರೀ ಪೆಟ್ಟು, ಏಳೋಕಾಗ್ತಿಲ್ಲ ಅಂತ ಪುಟ್ಟ ಮೆಸೇಜ್ ಕಳಿಸಿದರು. ಸ್ಯಾಟಲೈಟ್ ಫೋನ್ ಇದ್ದ ತುರ್ತು ಚೀಲ ಅದೇ ದೋಣಿಯಲ್ಲಿತ್ತು, ಕೈಗೆಟುಕಲಿಲ್ಲ. ಕುಡಿದದ್ದೆಲ್ಲ ವಾಂತಿ. ಆಸ್ಟ್ರೇಲಿಯಾದ ಪರ್ತ್ ಅಲ್ಲಿಂದ ಸುಮಾರು 3,500 ಕಿಲೋಮೀಟರು.

ನಾನು ಆ ಮೂರು ದಿನ ಮ್ಯಾಪ್ ನೋಡ್ತಾ ಇದ್ದೆ. ಚುಕ್ಕಿ ಸುಮ್ಮನೆ ತೇಲ್ತಾ ಇತ್ತು. ಭಾರತದ ಪಿ-8ಐ ವಿಮಾನ ಮಾರಿಷಸ್‌ನಿಂದ ಹಾರಿ ದೋಣಿ ಪತ್ತೆ ಮಾಡಿತು. ಪಂದ್ಯದಲ್ಲೇ ಇದ್ದ ಐರಿಷ್ ನಾವಿಕ ಗ್ರೆಗರ್ ಮಕ್‌ಗಕಿನ್, ತನ್ನ ದೋಣಿಯ ಕೂವೆ ಮುರಿದಿದ್ದರೂ ಇವರ ಕಡೆಗೆ ಹೊರಟ. 24ರಂದು ಮೊದಲು ತಲುಪಿದ್ದು ಫ್ರಾನ್ಸಿನ ಮೀನುಗಾರಿಕೆ ಕಾವಲು ಹಡಗು 'ಒಸಿರಿಸ್'. ಸಣ್ಣ ರಬ್ಬರ್ ದೋಣಿಯಲ್ಲಿ ಹೋಗಿ, ಮಲಗಿದ್ದವರನ್ನ ಸ್ಟ್ರೆಚರ್ ಮೇಲೆ ತಗೊಂಡು, ಆ್ಯಮ್‌ಸ್ಟರ್‌ಡ್ಯಾಮ್ ದ್ವೀಪದ ಪುಟ್ಟ ಆಸ್ಪತ್ರೆಗೆ ಮುಟ್ಟಿಸಿದರು. ಅಲ್ಲಿಂದ ನಮ್ಮ ಐಎನ್ಎಸ್ ಸತ್ಪುರ ಕರೆತಂತು. ಬೆನ್ನುಮೂಳೆಗೆ ಟೈಟಾನಿಯಂ ಸರಳು ಹಾಕಿದರು.

ಬೆನ್ನು ಅಂದ ತಕ್ಷಣ ತೆಂಗಿನ ಸೀಮೆಯವರಿಗೆ ನೆನಪಾಗೋದು ಬೇರೆ. ನಮ್ಮ ತೋಟದ ಕಾಯಿ ಕೀಳ್ತಿದ್ದವರು ಒಬ್ಬರಿದ್ದಾರೆ. ನೆಂಟಸ್ತಿಕೆ ಏನಿಲ್ಲ, ಆದರೂ ನನಗೆ ಮಾವ, ಅವರಿಗೆ ನಾನು ಅಳಿಮಯ್ಯ. ಕಾಲಿಗೆ ಹಗ್ಗದ ಕುಣಿಕೆ ಹಾಕ್ಕೊಂಡು ಅರವತ್ತಡಿ ಮರ ಹತ್ತೋರು, ನಮ್ಮಂಥವರು ಮೆಟ್ಟಿಲು ಹತ್ತಿದ ಹಾಗೆ. 2005ರಲ್ಲಿ, ಮಳೆ ಬಂದು ನಿಂತ ಬೆಳಿಗ್ಗೆ, ಜಾರಿ ಬಿದ್ದರು. ನಾನು ತುಮಕೂರಲ್ಲಿ ಹಾಸ್ಟೆಲ್‌ನಲ್ಲಿ ಪಿಯುಸಿ ಓದ್ತಿದ್ದೆ. ಆಗ 108 ಇರಲಿಲ್ಲ, ನಮ್ಮ ರಾಜ್ಯಕ್ಕೆ ಅದು ಬಂದದ್ದು 2008ರ ನವೆಂಬರ್ 1ಕ್ಕೆ. ತೋಟದಲ್ಲಿದ್ದವರು ಓಡಿಬಂದು, ಇಬ್ಬರು ಕೈ ಹಿಡಿದು, ಇಬ್ಬರು ಕಾಲು ಹಿಡಿದು ಎತ್ತಿದರು. ಲಗೇಜ್ ಆಟೋದಲ್ಲಿ ಮಲಗಿಸಿ ಮಣ್ಣುರಸ್ತೆಯಲ್ಲಿ ತುರುವೇಕೆರೆಗೆ, ಅಲ್ಲಿಂದ ಕಾರಲ್ಲಿ ಕೂರಿಸಿ ಬೆಂಗಳೂರಿಗೆ. ನೂರು ಕಿಲೋಮೀಟರಿಗೂ ಮೇಲೆ. ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದು. ನರ ಬಿದ್ದಾಗಲೇ ಹೋಯ್ತೋ, ಎತ್ತಿದಾಗ ಹೋಯ್ತೋ ಹೇಳೋಕಾಗಲ್ಲ ಅಂದರು ಡಾಕ್ಟರು. ಸೊಂಟದ ಕೆಳಗೆ ಅವತ್ತಿಂದ ಸ್ಪರ್ಶ ಇಲ್ಲ.

ಅಂಥವರನ್ನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತೆ. ಮೂತ್ರದ ನಳಿಗೆ ಸ್ವಚ್ಛ ಇರಬೇಕು, ಇಲ್ಲಾಂದ್ರೆ ಸೋಂಕು. ಅತ್ತೆ ತಲೆದೆಸೆಯಲ್ಲಿ ಒಂದು ಅಲಾರಂ ಗಡಿಯಾರ ಇಟ್ಟುಕೊಂಡಿದ್ದಾರೆ. ಹನ್ನೊಂದು, ಒಂದು, ಮೂರು, ಐದು. ನಮಗೆ ತಿಂಗಳಿಗೆ ಒಂದು ವಾರ ಆನ್‌ಕಾಲ್ ಬಂದರೆ ಸ್ಟೇಟಸ್ ಹಾಕ್ಕೊಂಡು ಗೋಳಾಡ್ತೀವಿ. ಅತ್ತೆ ಇಪ್ಪತ್ತು ವರ್ಷದಿಂದ ಆನ್‌ಕಾಲ್‌ನಲ್ಲಿದ್ದಾರೆ, ರೊಟೇಷನ್‌ನಲ್ಲಿ ಇನ್ನೊಬ್ಬರಿಲ್ಲ. ಹಾಯಿದೋಣಿಯಲ್ಲಿ ಒಬ್ಬರೇ ಇರೋರು ಇಪ್ಪತ್ತು ನಿಮಿಷ, ಅರ್ಧ ಗಂಟೆ ತುಂಡು ತುಂಡಾಗಿ ನಿದ್ದೆ ಮಾಡ್ತಾರೆ ಅಂತ ಓದಿ ಬೆರಗಾಗಿದ್ದೆ. ಆಮೇಲೆ ಅನ್ನಿಸಿತು, ಇದನ್ನ ಪಕ್ಕದ ಬೀದಿಯಲ್ಲೇ ನೋಡಿದೀನಲ್ಲ.

ಹೋದ ಬೇಸಿಗೆ ಊರಿಗೆ ಹೋದಾಗ ಮಾವ ಜಗಲಿ ಮೇಲೆ ಗಾಲಿಕುರ್ಚಿಯಲ್ಲಿ ಕೂತು ತೆಂಗಿನ ನಾರಿನ ಹುರಿ ಹೊಸೀತಿದ್ದರು. ನಾರು ಹಗ್ಗದಲ್ಲೇ ಹಲಗೆ ಹೊಲಿದು ಕಟ್ಟಿದ ಹಡಗು 'ಕೌಂಡಿನ್ಯ', 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು ಅಂತ ಹೇಳಿದೆ. "ಮೊಳೆ ಇಲ್ದೆನಾ?" ಅಂತ ನಕ್ಕರು. ಮಾತು ಅಭಿಲಾಷ್ ಟಾಮಿಯ ಕಡೆ ಹೊರಳಿತು. ಪೂರ್ತಿ ಕತೆ ಹೇಳಿದೆ. ನಾಲ್ಕು ವರ್ಷದ ಮೇಲೆ, 2022ರ ಸೆಪ್ಟೆಂಬರ್ 4ಕ್ಕೆ, ಅದೇ ಪಂದ್ಯಕ್ಕೆ ಮತ್ತೆ ಹೊರಟರು, 236 ದಿನ ಒಬ್ಬರೇ ಇದ್ದು 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಬಂದರು ಅಂದೆ. ಮೊದಲು ಬಂದದ್ದು ಹೆಂಗಸು, ದಕ್ಷಿಣ ಆಫ್ರಿಕಾದ ಕರ್ಸ್ಟನ್ ನೋಯ್‌ಶೇಫರ್, ಅಂತಲೂ ಅಂದೆ.

ಧೈರ್ಯದ ಬಗ್ಗೆ ಏನಾದರೂ ಹೇಳ್ತಾರೆ ಅಂದುಕೊಂಡಿದ್ದೆ. ಮಾವ ಹುರಿ ಕೆಳಗಿಟ್ಟು ಕೇಳಿದರು:

"ದೋಣಿಯಿಂದ ಎತ್ತಿದೋರು ಯಾರು?"

"ಫ್ರಾನ್ಸಿನ ಹಡಗಿನೋರು ಮಾವ."

"ಸ್ಟ್ರೆಚರ್ ತಂದಿದ್ರಾ?"

"ತಂದಿದ್ರು."

"ಅಂಗಾದ್ರೆ ಸರಿ ಕಣಪ್ಪ. ಅದ್ಕೇ ಮತ್ತೆ ಹೋಗಕ್ಕಾಯ್ತು."

ನನಗೆ ಉತ್ತರ ಹೊಳೆಯಲಿಲ್ಲ. ಎರಡು ಪೆಟ್ಟೂ ಒಂದೇ ಅಲ್ಲ, ಮಾವನನ್ನ ಸ್ಟ್ರೆಚರ್ ಮೇಲೆ ತಗೊಂಡಿದ್ದರೂ ಇಷ್ಟೇ ಆಗ್ತಿತ್ತೋ ಏನೋ. ಆದರೆ 3,500 ಕಿಲೋಮೀಟರು ದೂರದ ನೀರಲ್ಲಿ ಇದ್ದ ಒಂದು ವಸ್ತು ತುರುವೇಕೆರೆ ರಸ್ತೆಯಲ್ಲಿ ಇರಲಿಲ್ಲ ಅನ್ನೋದಂತೂ ನಿಜ. ಸಮುದ್ರಕ್ಕೆ ಹೋಗೋರು 'ಏನಾದರೂ ಆಗೇ ಆಗುತ್ತೆ' ಅಂತ ಮೊದಲೇ ಒಪ್ಪಿಕೊಂಡು ಚೀಲ ಕಟ್ಟುತ್ತಾರೆ. ನೆಲದ ಮೇಲಿರೋ ನಾವು 'ನಮಗೇನಾಗುತ್ತೆ' ಅಂತ ಇರ್ತೀವಿ.

ಮಾವ ಹಾಗಿಲ್ಲ. ಅವರು ಬಿದ್ದ ಮೇಲೆ ನಮ್ಮ ಕಡೆ ಕಾಯಿ ಕೀಳೋಕೆ ಬರೋ ಹುಡುಗರೆಲ್ಲ ಮೊದಲು ಅವರ ಜಗಲಿಗೆ ಹೋಗಬೇಕು. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಮಾಡಿಸಿದೀಯಾ ಅಂತ ಕೇಳ್ತಾರೆ, ಇಲ್ಲ ಅಂದ್ರೆ ಬೈದು ಕಳಿಸ್ತಾರೆ. ನಮ್ಮ ಪಂಪ್‌ಹೌಸ್ ಗೋಡೆಗೆ ಆರಡಿಯ ಹಳೇ ಬಾಗಿಲಿನ ಹಲಗೆ ಒರಗಿಸಿ ಇಡಿಸಿದ್ದಾರೆ, ನಾಲ್ಕು ನಾರು ಹಗ್ಗದ ಸಮೇತ. ಯಾರಾದ್ರೂ ಬಿದ್ದರೆ ಎಬ್ಬಿಸಬಾರದು, ಕೂರಿಸಬಾರದು, ನೀರು ಕುಡಿಸೋಕೆ ಅಂತ ತಲೆ ಎತ್ತಬಾರದು. ಒಬ್ಬ ಕತ್ತು ಅಲ್ಲಾಡದ ಹಾಗೆ ಹಿಡ್ಕೋಬೇಕು, ಇನ್ನೊಬ್ಬ 108ಕ್ಕೆ ಫೋನ್ ಮಾಡಬೇಕು. ಬರೋವರೆಗೂ ಅಲ್ಲೇ ಇರಬೇಕು. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ, ತಲೆ ಬೆನ್ನು ಒಂದೇ ಗೆರೆಯಲ್ಲಿ ಇಟ್ಟು, ಹಲಗೆ ಮೇಲೆ.

ಹಲಗೆ ಇದುವರೆಗೂ ಬೇಕಾಗಿಲ್ಲ. ಹುಡುಗರು ಅದನ್ನ ಕ್ರಿಕೆಟ್ ವಿಕೆಟ್ ಮಾಡ್ಕೊಂಡು ಆಡ್ತಾರೆ, ಮಾವ ಜಗಲಿಯಿಂದ ಕೂಗ್ತಾರೆ, ಸಂಜೆಗೆ ಮತ್ತೆ ಗೋಡೆಗೆ ಒರಗಿಸಿ ಹೋಗ್ತಾರೆ. ನಿಮ್ಮೂರಲ್ಲೂ ತೋಟ ಇದ್ದರೆ, ಮುಂದಿನ ಸಲ ಹೋದಾಗ ಒಂದು ಹಲಗೆ ಹುಡುಕಿಡಿ.