ನೆಲದಡಿಯ ಕಾಲುವೆಯ ಜಾಡು ಹಿಡಿದು

ಬೀದರ್ ಎಂದೊಡನೆ ನೆನಪಾಗುವುದು ಕೋಟೆ, ಮಹಮೂದ್ ಗವಾನನ ಮದರಸಾ ಮತ್ತು ಬಿದ್ರಿ ಕಲೆ. ಇವೆಲ್ಲ ಕಣ್ಣಿಗೆ ಕಾಣುವಂಥವು. ಕಣ್ಣಿಗೆ ಬೀಳದ ಅಚ್ಚರಿಯೊಂದು ಈ ಊರಿನ ನೆಲದಡಿಯಲ್ಲಿದೆ. ಅದೇ ಕರೇಜ್, ಅಂದರೆ ಸುರಂಗ ಕಾಲುವೆ.

ತೆರೆದ ಕಾಲುವೆಯಾದರೆ ಅದರ ದಂಡೆಯ ಮೇಲೆ ನಡೆದು ಹೋಗಬಹುದು. ಕರೇಜಿಗೆ ದಂಡೆ ಇಲ್ಲ. ನೆಲದ ಮೇಲೆ ಒಂದರ ಮುಂದೊಂದು ಬರುವ ಬಾವಿಗಳ ಸಾಲೇ ಅದರ ದಾರಿ. ನಗರಕ್ಕೆ ಸೇರಿಹೋಗಿರುವ ನೌಬಾದ್‌ನಲ್ಲಿ ಈ ಸಾಲು ಎರಡು ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಇಪ್ಪತ್ತಕ್ಕೂ ಹೆಚ್ಚು ಬಾವಿಗಳು ಇಲ್ಲಿ ಪತ್ತೆಯಾಗಿವೆ. ಒಂದು ಬಯಲಿನಲ್ಲಿದ್ದರೆ ಇನ್ನೊಂದು ಬಡಾವಣೆಯ ಮನೆಗಳ ನಡುವೆ. ಇಣುಕಿ ನೋಡಿದರೆ ಕೆಂಪು ಕಲ್ಲಿನ ಗೋಡೆ, ಕೆಳಗೆ ಕತ್ತಲೆ.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಊರು ಎತ್ತರದ ಪ್ರಸ್ಥಭೂಮಿಯ ಮೇಲಿದೆ, ಪಕ್ಕದಲ್ಲಿ ನದಿಯಿಲ್ಲ. ಮಂಜ್ರಾ ಹರಿಯುವುದು ದೂರದ ತಗ್ಗಿನಲ್ಲಿ. ಹಾಗಾದರೆ ಸೈನ್ಯಕ್ಕೆ, ಜನಕ್ಕೆ, ತೋಟಕ್ಕೆ ನೀರೆಲ್ಲಿಂದ? ಬಹಮನಿ ಆಸ್ಥಾನಕ್ಕೆ ಪರ್ಷಿಯಾದೊಡನೆ ನಿಕಟ ನಂಟಿತ್ತು. ಅಲ್ಲಿನ ಮರುಭೂಮಿಯ ಜನ ಸಾವಿರಾರು ವರ್ಷಗಳಿಂದ ಬಳಸುತ್ತಿದ್ದ ವಿದ್ಯೆ ಹೀಗೆ ದಖ್ಖನ್ನಿಗೆ ಬಂತು.

ವಿದ್ಯೆ ಸರಳ, ಕೆಲಸ ಕಠಿಣ. ಎತ್ತರದ ಜಾಗದಲ್ಲಿ ನೀರು ಸಿಗುವತನಕ ಒಂದು ಬಾವಿ ತೋಡುತ್ತಾರೆ. ಅದೇ ತಾಯಿ ಬಾವಿ. ಅಲ್ಲಿಂದ ಇಳಿಜಾರಿನ ಕಡೆಗೆ ಅಂತರ ಬಿಟ್ಟು ಬಾವಿಗಳನ್ನು ತೋಡಿ, ಒಂದರಿಂದ ಒಂದಕ್ಕೆ ಸುರಂಗ ಕೊರೆಯುತ್ತಾರೆ. ಮಣ್ಣು ಮೇಲೆತ್ತಲು, ಗಾಳಿ ಬೆಳಕು ಒಳಹೋಗಲು, ಮುಂದೆ ಹೂಳು ತೆಗೆಯಲು ಈ ಬಾವಿಗಳೇ ಬೇಕು. ಸುರಂಗದ ಇಳಿಜಾರು ಬಹಳ ಅಲ್ಪವಾಗಿರಬೇಕು. ಹೆಚ್ಚಾದರೆ ನೀರು ತಳವನ್ನೇ ಕೊರೆಯುತ್ತದೆ. ಇಲ್ಲದೇಹೋದರೆ ನೀರು ಹರಿಯುವುದೇ ಇಲ್ಲ. ಕೊನೆಗೆ ನೀರು ತಗ್ಗಿನಲ್ಲಿ ತಾನಾಗಿ ಹೊರಬರುತ್ತದೆ. ಏತ, ಪಂಪು ಯಾವುದೂ ಬೇಡ.

ಬೀದರ್‌ನ ನೆಲವೂ ಇದಕ್ಕೆ ಒಗ್ಗಿತು. ಮೇಲಿರುವುದು ರಂಧ್ರಗಳಿರುವ ಕೆಂಪು ಜಂಬಿಟ್ಟಿಗೆ, ಅದರಡಿ ಗಟ್ಟಿ ಕಪ್ಪು ಬಸಾಲ್ಟ್. ಮಳೆನೀರು ಜಂಬಿಟ್ಟಿಗೆಯಲ್ಲಿ ಇಳಿದು ಬಸಾಲ್ಟಿನ ಮೇಲೆ ನಿಲ್ಲುತ್ತದೆ. ಗುರುನಾನಕ್ ಝೀರಾ, ನರಸಿಂಹ ಝರಣಿಯ ಒರತೆಗಳ ಗುಟ್ಟೂ ಈ ಕಲ್ಲೇ. ಭಾಲ್ಕಿ, ಔರಾದ್ ಕಡೆಗೆ ಹೋದರೆ ಕಪ್ಪು ಮಣ್ಣಿನ ಸೀಮೆ ಹರಡಿಕೊಳ್ಳುತ್ತದೆ. ಅಲ್ಲಿಯ ರೈತ ನಂಬಿರುವುದು ಬಾವಿ, ಕೆರೆ, ಹೊಳೆಗಳನ್ನು.

ನಗರದಲ್ಲಿ ಶುಕ್ಲತೀರ್ಥ ಮತ್ತು ಜಮ್ನಾ ಮೋರಿ ಎಂಬ ಇನ್ನೆರಡು ಕರೇಜ್‌ಗಳಿವೆ. 2010ರ ದಶಕದಲ್ಲಿ ಕೇರಳದ ಚಿತ್ತೂರು ಸರ್ಕಾರಿ ಕಾಲೇಜಿನ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಇವುಗಳ ಜಾಡು ಹಿಡಿದು ನಕ್ಷೆ ಬರೆದರು. ಜಿಲ್ಲಾಡಳಿತ ನೌಬಾದ್‌ನಲ್ಲಿ ಹೂಳು ತೆಗೆಸಿತು. ಶತಮಾನಗಳ ಹೂಳಿನಡಿ ಇನ್ನೂ ನೀರಿತ್ತು!

ಆದರೆ ಹೂಳಿಗಿಂತ ದೊಡ್ಡ ಶತ್ರು ಮರೆವು. ಬಾವಿಯ ಬಾಯಿಗೆ ಕಸ ಸುರಿದರೆ, ಅದರ ಮೇಲೆ ಮನೆ ಎದ್ದರೆ ಗಾಳಿಯ ದಾರಿ ಕಟ್ಟುತ್ತದೆ. ಸುತ್ತ ಕೊಳವೆಬಾವಿಗಳು ಹೆಚ್ಚಿದಷ್ಟೂ ಅಂತರ್ಜಲ ಸುರಂಗಕ್ಕಿಂತ ಕೆಳಗೆ ಜಾರುತ್ತದೆ. ಇಂದು ಬೀದರ್‌ಗೆ ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದಿಂದ ನೀರು ಪಂಪ್ ಮಾಡಬೇಕು. ಮಳೆ ಕೈಕೊಟ್ಟ ವರ್ಷ ಜಲಾಶಯವೂ ಬತ್ತುತ್ತದೆ. ಆಗ ಕಾಲಬುಡದ ನೀರಿನ ಬೆಲೆ ತಿಳಿಯುತ್ತದೆ. ಇರಾನಿನ ಇಂಥ ಕಾಲುವೆಗಳು 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ದಕ್ಷಿಣ ಕನ್ನಡ, ಕಾಸರಗೋಡಿನ ಗುಡ್ಡಗಳಲ್ಲಿ ರೈತರು ಕೊರೆದ ಸುರಂಗಗಳು ಇಂದಿಗೂ ತೋಟಕ್ಕೆ ನೀರುಣಿಸುತ್ತಿವೆ.

ಶಾಲಾ ಪ್ರವಾಸಕ್ಕೆ ಬರುವವರು ಕೋಟೆ ನೋಡಿ ಹಿಂದಿರುಗುವ ಬದಲು ಅರ್ಧ ದಿನ ನೌಬಾದ್‌ಗೆ ಕೊಡಬಹುದು. ಮಕ್ಕಳು ಬಾವಿಗಳನ್ನು ಎಣಿಸಿ, ಹೆಜ್ಜೆಯಲ್ಲಿ ಅಂತರ ಅಳೆದು, ತಾವೇ ನಕ್ಷೆ ಬರೆಯಲಿ. ಬಾವಿಗಳು ಆಳ, ಅಂಚಿಗೆ ಹೋಗುವಾಗ ಹಿರಿಯರ ಕೈ ಜೊತೆಗಿರಲಿ, ಸುರಂಗದೊಳಗೆ ಇಳಿಯುವುದು ಬೇಡ. ಬೀದರ್‌ಗೆ ಬೆಂಗಳೂರು, ಹೈದರಾಬಾದ್‌ಗಳಿಂದ ಬಸ್ಸು, ರೈಲು ಉಂಟು. 2017ರಿಂದ ಕಲಬುರಗಿಯಿಂದಲೂ ನೇರ ರೈಲುಮಾರ್ಗವಿದೆ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ನಡಿಗೆಗೆ ಹಿತ.